ಊರಿನ ಗದ್ದೆಗೆ ಹೋಗುವ ಬಿಳಿ ಹರಳು

ಊರಿಗೆ ಫೋನ್ ಮಾಡಿದರೆ ನಮ್ಮಲ್ಲಿ ಹಲವರ ಮನೆಯಲ್ಲಿ ಮೊದಲು ಮಳೆ ಸುದ್ದಿ, ಆಮೇಲೆ ಯೂರಿಯಾ ಸುದ್ದಿ. "ನೀವಿರೋ ಕಡೆಯಿಂದಲೇ ಬರ್ತದಂತಲ್ಲ, ಒಂದು ಚೀಲ ಕಳಿಸ್ರಪ್ಪ" ಅಂತ ಹಿರಿಯರು ನಗ್ತಾರೆ. ಮಾತು ಸುಳ್ಳಲ್ಲ. ಒಮಾನಿನ ಸೂರ್‌ನಲ್ಲಿ 2005ರಲ್ಲಿ ಶುರುವಾದ ಕಾರ್ಖಾನೆಯಲ್ಲಿ ನಮ್ಮ ದೇಶದ ಇಫ್ಕೊ, ಕ್ರಿಬ್ಕೊ ಸಹಕಾರಿ ಸಂಸ್ಥೆಗಳೂ ಪಾಲುದಾರರಾದವು. ಅಲ್ಲಿಂದ ವರ್ಷಗಟ್ಟಲೆ ಯೂರಿಯಾ ಭಾರತಕ್ಕೆ ಹೋಗಿದೆ.

ತಯಾರಾಗುವುದು ಹೇಗೆ? ಮೂಲ ವಸ್ತು ನೈಸರ್ಗಿಕ ಅನಿಲ. ಮೊದಲು ಅದರೊಳಗಿನ ಗಂಧಕ ತೆಗೀಬೇಕು, ಇಲ್ಲದಿದ್ದರೆ ಮುಂದಿನ ಕ್ಯಾಟಲಿಸ್ಟ್ ಕೆಟ್ಟುಹೋಗುತ್ತದೆ. ನಂತರ ಹಬೆ ಸೇರಿಸಿ ಕಾಯಿಸಿ ಹೈಡ್ರೋಜನ್ ಪಡೆಯುತ್ತಾರೆ. ಜೊತೆಗೆ ಕಾರ್ಬನ್ ಡೈಆಕ್ಸೈಡೂ ಬರುತ್ತದೆ. ಹೈಡ್ರೋಜನ್ ಗಾಳಿಯಲ್ಲಿನ ನೈಟ್ರೋಜನ್ ಜೊತೆ ಸೇರಿದರೆ ಅಮೋನಿಯ. ಅಮೋನಿಯ ಮತ್ತು ಕಾರ್ಬನ್ ಡೈಆಕ್ಸೈಡನ್ನು ಸುಮಾರು 180 ಡಿಗ್ರಿ ಶಾಖದಲ್ಲಿ, ಭಾರಿ ಒತ್ತಡದಲ್ಲಿ ಕೂಡಿಸಿದಾಗ ಮೊದಲು ಕಾರ್ಬಮೇಟ್, ಅದರಿಂದ ಯೂರಿಯಾ ಮತ್ತು ನೀರು.

ಕೆಲಸ ಅಲ್ಲಿಗೇ ಮುಗಿಯಲ್ಲ. ಕೂಡಿಕೊಳ್ಳದೆ ಉಳಿದ ಅನಿಲವನ್ನು ಬೇರ್ಪಡಿಸಿ ಮತ್ತೆ ಒಳಗೆ ಕಳಿಸಬೇಕು. ನಿರ್ವಾತದಲ್ಲಿ ನೀರು ಇಂಗಿಸಬೇಕು. ಕಾವು ಹೆಚ್ಚಾದರೆ, ಹೊತ್ತು ಮೀರಿದರೆ ಬೈಯುರೆಟ್ ಎಂಬ ಕಲ್ಮಶ ಹೆಚ್ಚುತ್ತದೆ. ಅದು ಜಾಸ್ತಿಯಿರುವ ಯೂರಿಯಾವನ್ನು ಎಲೆಗೆ ಸಿಂಪಡಿಸಿದರೆ ತುದಿ ಸುಡುತ್ತದೆ. ಭಾರತದಲ್ಲಿ ಇದರ ಮಿತಿ ಶೇ. 1.5. ಕೊನೆಗೆ ಸಿಗುವ ಹರಳಿನಲ್ಲಿ ಶೇ. 46 ನೈಟ್ರೋಜನ್, 45 ಕಿಲೊ ಚೀಲದಲ್ಲಿ 20 ಕಿಲೊಗೂ ಮೇಲೆ.

ಈ ದಾರಿಯಲ್ಲಿ ನಮ್ಮ ಜೀವಕ್ಕೆ ಕುತ್ತು ತರುವುದು ಅಮೋನಿಯ. ಈಚೆಗೆ ನಮ್ಮ ಕ್ಯಾಂಪಿಗೆ ಹೊಸದಾಗಿ ಬಂದ ರಾಯಚೂರು ಕಡೆಯ ಹುಡುಗ ಮಾಕ್ ಡ್ರಿಲ್‌ನಲ್ಲಿ ಸೈರನ್ ಕೇಳಿದ್ದೇ ಗಾಳಿ ಬೀಸುತ್ತಿದ್ದ ದಿಕ್ಕಿಗೇ ಓಡಿದ. ನಿಜವಾದ ಸೋರಿಕೆಯಾಗಿದ್ದರೆ ಅನಿಲವೂ ಅವನ ಹಿಂದೆಯೇ ಬರ್ತಿತ್ತು. ಬೋರ್ಡು ಇಂಗ್ಲಿಷ್, ಅರಬ್ಬಿಯಲ್ಲಿತ್ತು. ಅವನಿಗೆ ಬರುವುದು ಕನ್ನಡ ಮಾತ್ರ. ತಪ್ಪು ಅವನದಲ್ಲ, ಹೇಳಿಕೊಡದ ನಮ್ಮದು.

ಆದ್ದರಿಂದ ಹೊಸಬರಿಗೆ ಇಷ್ಟು ಓದಿ ಹೇಳಿ. ಮೂಗು ಸುಡುವ ಘಾಟು ಬಂದರೆ ಮೊದಲು ವಿಂಡ್ ಸಾಕ್ ನೋಡಿ. ಗಾಳಿಗೆ ಅಡ್ಡವಾಗಿ ಸರಿದು, ಗಾಳಿ ಬರುವ ಕಡೆಗೆ ಹೋಗಿ. ಕಣ್ಣಿಗೆ ತಾಗಿದರೆ ಉಜ್ಜಬೇಡಿ. ಕನಿಷ್ಠ 15 ನಿಮಿಷ ನೀರಿನಲ್ಲಿ ತೊಳೆದು ವೈದ್ಯರ ಬಳಿ ಹೋಗಿ. ಬಿದ್ದವರನ್ನು ಎತ್ತಲು ಉಸಿರಾಟದ ಸಾಧನವಿಲ್ಲದೆ ಒಳಗೆ ನುಗ್ಗಬೇಡಿ.

ಈ ಮಾತುಗಳನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ನಮ್ಮ ಮೆಸ್ಸಿನ ಬಾಗಿಲಿಗೆ ಅಂಟಿಸಿದ್ದೇವೆ. ನೀವೂ ಅಂಟಿಸಿ.