ಒಣ ಚರ್ಮಕ್ಕೆ ಆಮ್ಲವೋ, ರೆಟಿನಾಯ್ಡೋ?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಚಳಿ ಬಿತ್ತೆಂದರೆ ಮುಖದ ಚರ್ಮ ಬಿರಿಯುತ್ತದೆ. ವಯಸ್ಸಾದವರಿಗೆ ಸುಕ್ಕಿನ ಚಿಂತೆಯೂ ಜೊತೆಗೂಡುತ್ತದೆ.

ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲವು ಮೇಲ್ಪದರದ ಸತ್ತ ಕೋಶಗಳನ್ನು ಸಡಿಲಿಸುವುದಲ್ಲದೆ ತೇವವನ್ನೂ ಹಿಡಿದಿಡುತ್ತದೆ. 'ಎ' ಜೀವಸತ್ವದ ವರ್ಗಕ್ಕೆ ಸೇರಿದ ರೆಟಿನಾಯ್ಡ್‌ಗಳು ಒಳಪದರದಲ್ಲಿ ಕೊಲಾಜೆನ್ ಹೆಚ್ಚಿಸುತ್ತವೆ. ಇವುಗಳಲ್ಲೊಂದಾದ ಟ್ರೆಟಿನಾಯ್ನ್‌ಗೆ ಸಣ್ಣ ಸುಕ್ಕಿನ ಚಿಕಿತ್ಸೆಗೆಂದು ಅಮೆರಿಕ 1995ರಲ್ಲಿ ಒಪ್ಪಿಗೆ ನೀಡಿತು. ಫಲ ಕಾಣಲು ತಿಂಗಳುಗಳು ಬೇಕು. ಆರಂಭದಲ್ಲಿ ಉರಿ, ಸಿಪ್ಪೆ ಏಳುವುದು ಸಾಮಾನ್ಯ.

ಆದ್ದರಿಂದ ಒಣಗುವಿಕೆಯೇ ಮುಖ್ಯವಾದರೆ ಲ್ಯಾಕ್ಟಿಕ್ ಆಮ್ಲ. ಸುಕ್ಕೇ ಚಿಂತೆಯಾದರೆ ರೆಟಿನಾಯ್ಡ್, ಮೊದಲು ವಾರಕ್ಕೆ 2 ರಾತ್ರಿ, ಬಟಾಣಿ ಕಾಳಿನಷ್ಟು, ಮಾಯಿಶ್ಚರೈಸರ್ ಸಹಿತ. ಒಂದೇ ರಾತ್ರಿ ಎರಡೂ ಬೇಡ. ಹಗಲು ಸನ್‌ಸ್ಕ್ರೀನ್ ಅಗತ್ಯ. ಗರ್ಭಿಣಿಯರಿಗೆ ರೆಟಿನಾಯ್ಡ್ ವರ್ಜ್ಯ.

ಟ್ರೆಟಿನಾಯ್ನ್ ಜೊತೆ ಸ್ಟೀರಾಯ್ಡ್ ಬೆರೆಸಿದ ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಹಚ್ಚಬಾರದು. ದೀರ್ಘಕಾಲ ಬಳಸಿದರೆ ಚರ್ಮ ತೆಳುವಾಗುತ್ತದೆ.