ಕಾಣದ ಬೆಳಕಿನಲ್ಲಿ ಶೇಂಗಾ ಪರೀಕ್ಷೆ

ದೊಡ್ಡಉಳ್ಳಾರ್ತಿಯ ರೈತ ಬಾಂಧವರೇ, ಶೇಂಗಾ ಚೀಲಗಳನ್ನು ಚಳ್ಳಕೆರೆಯ ಮಾರುಕಟ್ಟೆಗೆ ಒಯ್ದಾಗ ಬೀಜವನ್ನು ಕಣ್ಣಿನಿಂದ ನೋಡಿ, ಕೈಯಿಂದ ಒತ್ತಿ ಬೆಲೆ ಕಟ್ಟುವುದನ್ನು ನೀವು ಕಂಡಿದ್ದೀರಿ. ಬೀಜದಲ್ಲಿ ಎಣ್ಣೆ ಎಷ್ಟು, ತೇವ ಎಷ್ಟು ಎಂಬುದರ ಮೇಲೆ ನಿಮ್ಮ ದುಡಿಮೆಯ ಪ್ರತಿಫಲ ನಿಂತಿದೆ. ಅಂದಾಜು ತಪ್ಪಿದರೆ ನಷ್ಟ ನಿಮ್ಮದೇ. ಬೀಜವನ್ನು ಅರೆಯದೆ ಇವೆರಡನ್ನೂ ಅಳೆಯಬಲ್ಲ ಬೆಳಕೊಂದಿದೆ. ಅದೇ ಸಮೀಪ ಅವಕೆಂಪು ಬೆಳಕು.

ಅಳೆಯುವುದು ಹೇಗೆ?

ನಮ್ಮ ಕಣ್ಣು ಸುಮಾರು 400ರಿಂದ 700 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ಮಾತ್ರ ಕಾಣಬಲ್ಲದು. ಕೆಂಪಿನಾಚೆಯ ಬೆಳಕನ್ನು ಬೀಜದ ಮೇಲೆ ಬಿಟ್ಟರೆ, ನೀರು 1450 ಮತ್ತು 1940 ನ್ಯಾನೊಮೀಟರ್ ಸುಮಾರಿನಲ್ಲಿ ಅದನ್ನು ಹೆಚ್ಚಾಗಿ ಹೀರುತ್ತದೆ. ಎಣ್ಣೆ 1720ರ ಸುಮಾರಿನಲ್ಲಿ ಹೀರುತ್ತದೆ. ಮರಳಿ ಬಂದ ಬೆಳಕನ್ನು ಅಳೆದು ಉಪಕರಣವು ಲೆಕ್ಕ ಹೇಳುತ್ತದೆ. ಅಮೆರಿಕದ ಕೃಷಿ ಇಲಾಖೆಯ ಕಾರ್ಲ್ ನಾರಿಸ್ 1960ರ ದಶಕದಲ್ಲಿ ಧಾನ್ಯಗಳಿಗೆ ಈ ವಿಧಾನವನ್ನು ಬೆಳೆಸಿದರು.

ಚಿಟಿಕೆ ಧಾತು, ಹೊಸ ಬೆಳಕು

ಈ ಉಪಕರಣಗಳಲ್ಲಿ ಬಳಸುತ್ತ ಬಂದ ಟಂಗ್‌ಸ್ಟನ್ ದೀಪ ಬಹಳ ಬಿಸಿಯಾಗುತ್ತದೆ, ವಿದ್ಯುತ್ತನ್ನೂ ಹೆಚ್ಚು ತಿನ್ನುತ್ತದೆ. ಕೈಯಲ್ಲಿ ಹಿಡಿದು ಕಣಕ್ಕೆ ಒಯ್ಯುವ ಉಪಕರಣಕ್ಕೆ ತಣ್ಣನೆಯ ಪುಟ್ಟ ದೀಪ ಬೇಕು. ಇದಕ್ಕಾಗಿ ವಿಜ್ಞಾನಿಗಳು ಪೆರೋವ್‌ಸ್ಕೈಟ್ ಮಾದರಿಯ ಹರಳುಗಳತ್ತ ತಿರುಗಿದ್ದಾರೆ. 1839ರಲ್ಲಿ ರಷ್ಯದ ಉರಲ್ ಬೆಟ್ಟಗಳ ಖನಿಜವೊಂದರಿಂದ ಈ ಹೆಸರು ಬಂದಿತು.

ಹೊಲಕ್ಕೆ ಅಲ್ಪ ಸತುವು ಕೊಟ್ಟರೆ ಪೈರಿನ ಬಣ್ಣವೇ ಬದಲಾಗುವುದಿಲ್ಲವೇ? ಹಾಗೆಯೇ ಹರಳಿಗೆ ಅತ್ಯಲ್ಪ ಪ್ರಮಾಣದ ಬೇರೆ ಧಾತುವನ್ನು ಬೆರೆಸಿದರೆ ಅದು ಬೀರುವ ಬೆಳಕು ಬದಲಾಗುತ್ತದೆ. ಪುಣೆಯ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯವರು 2020ರಲ್ಲಿ ಸೀಸಿಯಂ, ಬೆಳ್ಳಿ, ಇಂಡಿಯಂ ಮತ್ತು ಕ್ಲೋರಿನ್ ಸೇರಿದ ಹರಳಿಗೆ ಬಿಸ್ಮತ್ ಜೊತೆಗೆ ಎರ್ಬಿಯಂ ಅಥವಾ ಯಿಟರ್ಬಿಯಂ ಬೆರೆಸಿದರು. ಬಿಸ್ಮತ್ ಬೆಳಕನ್ನು ಹೀರಿ ಶಕ್ತಿಯನ್ನು ಜೊತೆಗಾರನಿಗೆ ಕೊಡುತ್ತದೆ. ಎರ್ಬಿಯಂ ಸುಮಾರು 1540, ಯಿಟರ್ಬಿಯಂ ಸುಮಾರು 1000 ನ್ಯಾನೊಮೀಟರಿನ ಬೆಳಕನ್ನು ಹೊರಸೂಸುತ್ತದೆ. ಇದರಲ್ಲಿ ವಿಷಕಾರಿ ಸೀಸವಿಲ್ಲ ಎಂಬುದು ಗಮನಾರ್ಹ. ಆದರೆ ಇದು ಪ್ರಯೋಗಶಾಲೆಯ ಫಲ; ನಾಳೆಯೇ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ.

ನೀವು ಗಮನಿಸಬೇಕಾದುದು

1. ಕಾಯನ್ನು ಅಲುಗಿಸಿದಾಗ ಬೀಜ ಗಲಗಲ ಸದ್ದು ಮಾಡುವಂತೆ ಒಣಗಿಸಿ. ತೇವ ಶೇಕಡಾ 8ರ ಸುಮಾರಿಗೆ ಇಳಿದ ಮೇಲೆ ಚೀಲ ತುಂಬಿ. ತೇವ ಉಳಿದರೆ ಬೂಷ್ಟು ಬಂದು ವಿಷ ಸೇರೀತು.

2. ಪರೀಕ್ಷೆಗೆ ಒಂದೇ ಚೀಲದ ಬಾಯಿಂದ ಮಾದರಿ ಕೊಡಬೇಡಿ. ಹಲವು ಚೀಲಗಳ ಮೇಲೆ, ನಡುವೆ, ತಳದಿಂದ ತೆಗೆದು ಬೆರೆಸಿ.

3. ತಕ್ಕಡಿಗೆ ಮುದ್ರೆ ಇರುವಂತೆ ಈ ಉಪಕರಣಕ್ಕೂ ಸರಿಹೊಂದಿಸುವಿಕೆ ಅಗತ್ಯ. ನಮ್ಮ ತಳಿಗಳ ಮೇಲೆ ಅದನ್ನು ಪರೀಕ್ಷಿಸಲಾಗಿದೆಯೇ ಎಂದು ಕೇಳಿರಿ.

ನಿಮ್ಮ ಸಮೀಪದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ದನ ಮೇಯುತ್ತಿದ್ದ ಕಾವಲಿನಲ್ಲಿ ವಿಜ್ಞಾನ ನೆಲೆಯೂರಿದೆ. ಅದರ ಬೆಳಕು ನಮ್ಮ ಕಣಕ್ಕೂ ಬರಲಿ ಎಂದು ಕೇಳುವುದು ರೈತನ ಹಕ್ಕು.