‘ನನ್ನಿಂದಾಗುತ್ತೆ’ ಅನ್ನೋ ಧೈರ್ಯ ಎಲ್ಲಿಂದ ಬರುತ್ತೆ?

ಟೈಲರಿಂಗ್ ಅಂಗಡಿ ಇಡೋ ಆಸೆ ಇದೆ, ಕೈಯಲ್ಲಿ ಕಸುಬೂ ಇದೆ. ಆದರೂ ಕಾಲು ಹಿಂದೇಟು ಹಾಕುತ್ತೆ. ಯಾಕೆ?

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲೇ ಇದನ್ನ ವಿವರಿಸಿದ್ದರು. ನನ್ನಿಂದ ಆಗುತ್ತೆ ಅನ್ನೋ ನಂಬಿಕೆಗೆ ಎಲ್ಲಕ್ಕಿಂತ ಗಟ್ಟಿ ಬುನಾದಿ ಅಂದ್ರೆ, ಸ್ವತಃ ಮಾಡಿ ಗೆದ್ದ ಅನುಭವ. ಆಮೇಲೆ, ನಮ್ಮಂಥವರೇ ಒಬ್ಬರು ಗೆದ್ದಿದ್ದನ್ನ ಕಣ್ಣಾರೆ ನೋಡೋದು. ಹಿತೈಷಿಗಳ ಮಾತು, ಒಳಗಿನ ಆತಂಕ, ಇವೂ ಲೆಕ್ಕಕ್ಕೆ ಬರುತ್ತವೆ. ಆದರೆ ಬರೀ ಭಾಷಣದಿಂದ ಬಂದ ಹುರುಪು ಬಹಳ ದಿನ ಉಳಿಯಲ್ಲ.

ಇದನ್ನ ಅರ್ಥಮಾಡಿಕೊಳ್ಳೋಕೆ ದಕ್ಷಿಣ ಕನ್ನಡದ ಉಜಿರೆ ನೋಡಿ. 1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕ್‌ಗಳ ಜೊತೆಗೂಡಿ, ಸ್ವಉದ್ಯೋಗದ ತರಬೇತಿ ಕೊಡೋ ರುಡ್‌ಸೆಟ್ ಸಂಸ್ಥೆ ಇಲ್ಲಿ ಶುರುವಾಯ್ತು. ಹಳ್ಳಿಯ ಹುಡುಗ ಹುಡುಗಿಯರು ಅಲ್ಲೇ ಉಳಿದು ಉಚಿತವಾಗಿ ಕಲಿತಾರೆ. ಬರೀ ಹೊಲಿಗೆ, ಹೈನುಗಾರಿಕೆ ಅಲ್ಲ. ಪೇಟೆಯಲ್ಲಿ ಏನು ಓಡುತ್ತೆ ಅಂತ ವಿಚಾರಿಸೋದು, ಲೆಕ್ಕ ಬರೆಯೋದು, ಸಾಲಕ್ಕೆ ಯೋಜನಾ ವರದಿ ತಯಾರಿಸೋದು. ಒಂದೊಂದೂ ಸಣ್ಣ ಗೆಲುವೇ.

ತರಬೇತಿ ಕೆಲವು ದಿನ ಇಲ್ಲವೇ ಕೆಲವು ವಾರ ಅಷ್ಟೇ. ಆಮೇಲೆ ಎರಡು ವರ್ಷ ಸಂಸ್ಥೆ ಬೆನ್ನಿಗೆ ನಿಲ್ಲುತ್ತೆ. ಎಲ್ಲಕ್ಕಿಂತ ಮುಖ್ಯವಾದದ್ದು ಇದೇ ಅಂತ ನನ್ನ ನಂಬಿಕೆ. ಅಂಗಡಿ ತೆರೆದ ಹೊಸತರಲ್ಲಿ ಗಿರಾಕಿ ಬಾರದಿದ್ದಾಗಲೇ ಅಲ್ವಾ ಎದೆ ಕುಸಿಯೋದು? ಆಗ ಕೇಳೋಕೆ ಒಬ್ಬರು ಬೇಕು.

ಇದೇ ಮಾದರಿಯನ್ನ ಕೇಂದ್ರ ಸರ್ಕಾರ ಆರ್‌ಸೆಟಿ ಹೆಸರಲ್ಲಿ ದೇಶದ ಬಹುತೇಕ ಜಿಲ್ಲೆಗಳಿಗೆ ಒಯ್ದಿದೆ. ಊಟ, ವಸತಿ, ತರಬೇತಿ ಎಲ್ಲ ಉಚಿತ. ನಿಮ್ಮ ಜಿಲ್ಲೆಯ ಕೇಂದ್ರ ಎಲ್ಲಿದೆ ಅಂತ ಹತ್ತಿರದ ಬ್ಯಾಂಕಲ್ಲಿ ಕೇಳಿ, ಒಮ್ಮೆ ಹೋಗಿ ಬನ್ನಿ.